ಕತ್ತಲಾದರೂ ಗೂಡಿಗೆ ಬಾರದ ಕೋಳಿಗಳು

ಗೂಡು ಕಟ್ಟಿ ಮುಗಿದ ದಿನ ನಮ್ಮ ಅತ್ತಿ ಅದರ ಸುತ್ತ ಒಂದು ಸುತ್ತು ಹಾಕಿ, ಬಂಡೆಗೆ ಕೈ ಬಡಿದು ನೋಡಿ, "ಇದರಾಗ ಮನಶ್ಯಾರೇ ಇರಬೌದು" ಅಂದಿದ್ದರು. ಮನುಷ್ಯರ ಮಾತು ಬೇರೆ, ಕೋಳಿಗಳು ಒಪ್ಪಲಿಲ್ಲ. ಮೊದಲ ಹತ್ತು ದಿನ ನನ್ನ 20 ಮರಿಗಳು ಹಿಂದಿನ ಕೋಣೆಯ ಹೊಸ್ತಿಲ ಮೇಲೆ ಮಲಗಿದವು, ಮನೆಯವರ ಬೈಕಿನ ಸೀಟಿನ ಮೇಲೆ ಮಲಗಿದವು, ನೀರಿನ ಟಾಕಿಯ ಮುಚ್ಚಳದ ಮೇಲೆ, ಪಕ್ಕದ ಮನೆಯ ತೊಗರಿ ಕಟಗಿ ಒಟ್ಟಿಲಿನ ಮೇಲೆ, ಕೊನೆಗೆ ಅಂಗಳದ ಬೇವಿನ ಗಿಡದ ಮೇಲೆ ಮಲಗಿದವು. ಗೂಡಿನೊಳಗೆ ಮಾತ್ರ ಒಂದೂ ತಾನಾಗಿ ಹೋಗಲಿಲ್ಲ.

ಮರಿಗಳಿಗೆ ಕಲಿಸಬೇಕು ಎಂದುಕೊಂಡೇ ಶುರು ಮಾಡಿದೆ. ಒಂದೂವರೆ ತಿಂಗಳು ಮುಗಿಯುವಷ್ಟರಲ್ಲಿ ಗೂಡನ್ನೇ ನಾಲ್ಕು ಸಲ ಬಿಚ್ಚಿ ಕಟ್ಟಿದ್ದೆ.

ಗೂಡು

ನಮ್ಮ ಊರು ಶಹಾಬಾದಿಗೂ ವಾಡಿಗೂ ನಡುವೆ. ಇಲ್ಲಿ ಫರಸಿ ಕಲ್ಲಿಗೆ ಬರವಿಲ್ಲ. ನೆಲ ಅಗೆದರೆ ಸುಣ್ಣಕಲ್ಲು ಪದರ ಪದರವಾಗಿ, ಬುಟ್ಟಿಯಲ್ಲಿ ರೊಟ್ಟಿ ಒಟ್ಟಿದ ಹಾಗೆ ಏಳುತ್ತದೆ. ಮನೆಯ ನೆಲ ಅದೇ, ಮಾಳಿಗೆ ಅದೇ, ಬೇಲಿ ಅದೇ, ಬಟ್ಟೆ ಒಗೆಯುವ ಬಂಡೆಯೂ ಅದೇ. ಹಾಗಾಗಿ ಕೋಳಿ ಗೂಡಿಗೆ ಬೇರೆ ಏನಾದರೂ ಬಳಸಬಹುದು ಎಂಬ ಯೋಚನೆಯೇ ಬರಲಿಲ್ಲ. ಖಣಿಯಲ್ಲಿ ಅಂಚು ಮುರಿದು ಬಿದ್ದ ಬಂಡೆಗಳನ್ನು ಒಂದು ಟ್ರ್ಯಾಕ್ಟರ್ ಲೋಡು ತರಿಸಿದೆ. 6 ಅಡಿ ಉದ್ದ, 4 ಅಡಿ ಅಗಲ. ಮೂರು ಕಡೆ ಬಂಡೆ ನಿಲ್ಲಿಸಿ ಒಂದಡಿ ಹೂಳಿದೆ. ಹೂಳದಿದ್ದರೆ ಹೆಗ್ಗಣ, ಮುಂಗುಸಿ ಅಡಿಯಿಂದ ತೋಡಿಕೊಂಡು ಬರುತ್ತವೆ. ಮೇಲೆ ಎರಡು ದೊಡ್ಡ ಬಂಡೆ ಹೊದಿಸಿದೆ. ಮುಂಭಾಗಕ್ಕೆ ವಾಡಿ ರಸ್ತೆಯ ವೆಲ್ಡಿಂಗ್ ಚಾಚಾ ಆಂಗಲ್ ಚೌಕಟ್ಟು ಮಾಡಿ, ಅರ್ಧ ಇಂಚಿನ ವೆಲ್ಡ್ ಜಾಲರಿ ಬಡಿದುಕೊಟ್ಟರು.

ಜಾಲರಿ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಕೋಳಿ ಜಾಲರಿ ಕೇಳಿದರೆ ಆರು ಮೂಲೆಯ ಕಣ್ಣಿನ ತೆಳು ತಂತಿಯದನ್ನು ಕೊಡುತ್ತಾರೆ. ಅದು ಕೋಳಿಯನ್ನು ಒಳಗೆ ಹಿಡಿದಿಡುತ್ತದೆ, ಅಷ್ಟೇ. ನಾಯಿ ಹಲ್ಲು ಹಾಕಿ ಎಳೆದರೆ ಹರಿಯುತ್ತದೆ, ಬೆಕ್ಕಿನ ಪಂಜ ಕಣ್ಣಿನೊಳಗೆ ಸಲೀಸಾಗಿ ತೂರುತ್ತದೆ. ರಾತ್ರಿ ಮಲಗುವ ಜಾಗಕ್ಕೆ ವೆಲ್ಡ್ ಜಾಲರಿಯೇ ಬೇಕು.

ಬಾಗಿಲು ಪೂರ್ವಕ್ಕೆ ಇಟ್ಟೆ. ಮನೆ ಬಾಗಿಲು ಪೂರ್ವಕ್ಕಿದೆ, ದನದ ಕೊಟ್ಟಿಗೆ ಬಾಗಿಲೂ ಪೂರ್ವಕ್ಕಿದೆ, ಇದಕ್ಕೂ ಇರಲಿ ಅಂತ. ಈ ತಪ್ಪು ಗೊತ್ತಾಗಲು ಮೂರು ವಾರ ಬೇಕಾಯಿತು.

ಮರಿಗಳು

ಜನವರಿಯಲ್ಲಿ ಒಂದು ದಿನದ 22 ಸ್ವರ್ಣಧಾರಾ ಮರಿ ತಂದೆ. ಗಿರಿರಾಜನ ಹಾಗೆ ಇದೂ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ತಳಿ. ಅಲ್ಲಿನ ಪಶುವೈದ್ಯಕೀಯ ಕಾಲೇಜು ನಮ್ಮ ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಹಾಗಾಗಿ ಅರ್ಧ ನಮ್ಮ ಕಡೆಯ ಕೋಳಿ ಅಂತಲೇ ನಾನು ಹೇಳುವುದು. ಗಿರಿರಾಜಕ್ಕಿಂತ ಮೈ ಹಗುರ, ಮೊಟ್ಟೆ ಹೆಚ್ಚು. ಮೈ ಹಗುರ ಎಂದರೆ ಗಿಡ ಹತ್ತುವುದೂ ಸುಲಭ ಎಂಬುದು ಆಗ ಹೊಳೆಯಲಿಲ್ಲ.

ಹಿಂದಿನ ಕೋಣೆಯಲ್ಲಿ ತಗಡು ದುಂಡಗೆ ಸುತ್ತಿ, ಶೇಂಗಾ ಹೊಟ್ಟು ಹಾಸಿ, 60 ವ್ಯಾಟಿನ ಬಲ್ಬು ತೂಗುಬಿಟ್ಟೆ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತ ಬಂದೆ. ರಾಣಿಖೇತ್ ರೋಗದ ಲಸಿಕೆ ಕಣ್ಣಿಗೆ ಹನಿ ಹಾಕಿದ್ದಾಯಿತು. ಎರಡು ಮರಿ ಮೊದಲ ವಾರದಲ್ಲೇ ಹೋದವು. ಉಳಿದ 20 ಚೆನ್ನಾಗಿ ಬೆಳೆದು, ಎಂಟು ವಾರಕ್ಕೆ ಪುಕ್ಕ ತುಂಬಿ, ಕೋಣೆ ತುಂಬ ಗಲೀಜು ಮಾಡತೊಡಗಿದವು. ಅತ್ತಿಯ ತಾಳ್ಮೆ ಮುಗಿಯಿತು. ಮಾರ್ಚಿನ ಒಂದು ಸಂಜೆ ಎಲ್ಲವನ್ನೂ ಹೆಡಗಿಯಲ್ಲಿ ತುಂಬಿ ಹೊಸ ಗೂಡಿಗೆ ಬಿಟ್ಟೆ.

ಮೊದಲ ಸಂಜೆಗಳು

ರಾತ್ರಿ ಗೂಡಿನಲ್ಲೇ ಇದ್ದವು. ಹೋಗಲು ಬೇರೆ ದಾರಿ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದೆ, ದಿನವಿಡೀ ಮೇಯ್ದವು. ಸಂಜೆ ಆರೂವರೆಗೆ ಹೊತ್ತು ಮುಳುಗಿತು. ಇಪ್ಪತ್ತೂ ಮರಿ ಸಾಲಾಗಿ ಹೊರಟವು, ನಾನು ಖುಷಿಯಿಂದ ನೋಡುತ್ತ ನಿಂತೆ. ಸಾಲು ಗೂಡಿನ ಮುಂದಿನಿಂದಲೇ ಹಾದು ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ನಿಂತಿತು. ಬಾಗಿಲು ಹಾಕಿತ್ತು. ಹೊಸ್ತಿಲ ಮೇಲೆ ಒಂದರ ಮೇಲೊಂದು ಬಿದ್ದು ಗುಡ್ಡೆಯಾದವು.

ಕೋಳಿಗೆ ಮನೆ ಎಂದರೆ ತಾನು ಹಲವು ರಾತ್ರಿ ಮಲಗಿ ಎದ್ದ ಜಾಗ. ಎಂಟು ವಾರ ಮಲಗಿದ ಕೋಣೆಯ ಮುಂದೆ ಒಂದು ರಾತ್ರಿಯ ಗೂಡು ಯಾವ ಲೆಕ್ಕ? ನಾನು ಒಂದು ವಾರವಾದರೂ ಹೊರಗೆ ಬಿಡದೆ ಕೂಡಿಹಾಕಬೇಕಿತ್ತು. ಅತ್ತಿ ಮಾತ್ರ "ಕೋಳಿಗಿ ಯಾರರೆ ಸಾಲಿ ಕಲಿಸ್ಯಾರೇನು? ಕತ್ತಲಾದ್ರ ತಾವೇ ಬರ್ತಾವ ಬಿಡು" ಅನ್ನುತ್ತಿದ್ದರು. ಅವರು ಕಂಡ ಕೋಳಿಗಳೆಲ್ಲ ತಾಯಿಯ ರೆಕ್ಕೆ ಕೆಳಗೆ ಬೆಳೆದವು. ನನ್ನವು ಮಷೀನಿನಲ್ಲಿ ಹುಟ್ಟಿ ಬಲ್ಬಿನ ಕೆಳಗೆ ಬೆಳೆದವು. ಕತ್ತಲಾದರೆ ಎಲ್ಲಿಗೆ ಹೋಗಬೇಕು ಎಂದು ಬಲ್ಬು ತೋರಿಸಿಕೊಡುವುದಿಲ್ಲ.

ಇದನ್ನೇ ಪಕ್ಕದ ಮನೆಯ ಆಯಿ ಸರಿಯಾಗಿ ಹಿಡಿದರು. "ಅವಕ್ಕ ತಾಯಿ ಇಲ್ಲವ್ವಾ. ನಮ್ಮ ಜವಾರಿ ಹ್ಯಾಟಿ ಒಯ್ದು ಬಿಡು, ನಾಕ ದಿನದಾಗ ದಾರಿ ಹಚ್ತದ." ಮಾತು ನಿಜ. ಗೂಡು ಬಲ್ಲ ಒಂದು ದೊಡ್ಡ ಕೋಳಿ ಮುಂದೆ ನಡೆದರೆ ಮರಿಗಳು ಹಿಂದೆ ಹೋಗುತ್ತವೆ. ಹ್ಯಾಟಿ, ಅಂದರೆ ಹೆಣ್ಣು ಕೋಳಿ, ತಂದೆ. ಎರಡು ದಿನ ಮರಿಗಳನ್ನು ಕುಕ್ಕಿ ಕುಕ್ಕಿ ಹದಕ್ಕೆ ತಂದಳು, ಮೂರನೇ ದಿನ ಅವು ಅವಳ ಹಿಂದೆಯೇ ತಿರುಗತೊಡಗಿದವು. ಆ ಸಂಜೆ ಅವಳು ಕಾಂಪೌಂಡಿನ ಬಂಡೆ ಮೇಲೆ ಹಾರಿದಳು, ಅಲ್ಲಿಂದ ಟಾಕಿ ಮೇಲೆ, ಅಲ್ಲಿಂದ ಬೇವಿನ ಗಿಡದ ಕೆಳಗಿನ ಟೊಂಗೆಗೆ. ಹಿಂದೆ ಒಂಬತ್ತು ಮರಿಗಳು. ಆಯಿಯ ಮನೆಯಲ್ಲಿ ಗೂಡೇ ಇಲ್ಲ, ಅವರ ಕೋಳಿಗಳು ಹುಟ್ಟಿದಾಗಿನಿಂದ ಹುಣಸೆ ಗಿಡದ ಮೇಲೆ ಮಲಗುತ್ತವೆ ಎಂದು ಮರುದಿನ ಗೊತ್ತಾಯಿತು. ಕೇಳದೆ ಇದ್ದದ್ದು ನನ್ನ ತಪ್ಪು. ಹ್ಯಾಟಿಯನ್ನು ಹಿಂದಿರುಗಿಸಿದೆ, ವಿದ್ಯೆ ಮರಿಗಳಲ್ಲಿ ಉಳಿಯಿತು.

ಜಾತ್ರೆಯ ರಾತ್ರಿ

ದಿನಾ ರಾತ್ರಿ ಟಾರ್ಚು ಹಿಡಿದು ಒಂದೊಂದನ್ನೇ ಎತ್ತಿ ಗೂಡಿಗೆ ಹಾಕುತ್ತಿದ್ದೆ. ಶರಣಬಸವೇಶ್ವರ ಜಾತ್ರೆಯ ತೇರಿನ ದಿನ ಎಲ್ಲರೂ ಕಲಬುರಗಿಗೆ ಹೋದೆವು. ತೇರು ನೋಡಿ, ಮಗನಿಗೆ ಬೆಂಡು ಬತ್ತಾಸು ಕೊಡಿಸಿ, ಬಸ್ಸು ಸಿಕ್ಕು ಮನೆ ಮುಟ್ಟುವಾಗ ಹತ್ತೂವರೆ. ಬೈಕಿನ ಕೆಳಗೆ ಪುಕ್ಕ ಚೆಲ್ಲಿತ್ತು. ಎರಡು ಮರಿ ಇರಲಿಲ್ಲ. ಹಿತ್ತಲ ಗೋಡೆಯ ಮೇಲೆ ಪುಕ್ಕದ ಜಾಡು ಹೋಗಿದ್ದು ನೋಡಿದರೆ ಕಾಡುಬೆಕ್ಕಿನ ಕೆಲಸ. ಗಿಡದ ಮೇಲಿದ್ದ ಒಂಬತ್ತೂ ಸುರಕ್ಷಿತ, ಹೋದದ್ದು ಸೀಟಿನ ಮೇಲೆ ಮಲಗಿದ್ದವು. ಆ ರಾತ್ರಿ ಒಪ್ಪಿಕೊಳ್ಳಬೇಕಾಯಿತು, ಬಾಗಿಲು ತೆರೆದಿದ್ದ ನನ್ನ ಗೂಡಿಗಿಂತ ಎತ್ತರದ ಟೊಂಗೆ ಆರಿಸಿದ ಮರಿಗಳ ಲೆಕ್ಕವೇ ಸರಿ ಇತ್ತು. ಆದರೆ ಕಾಡುಬೆಕ್ಕು ಗಿಡ ಹತ್ತಲು ಬಾರದ ಪ್ರಾಣಿಯೇನಲ್ಲ. ಇವತ್ತಲ್ಲದಿದ್ದರೆ ನಾಳೆ ಹತ್ತುತ್ತದೆ.

ಮರುದಿನ ಕತ್ತಲಾದ ಮೇಲೆ ಹದಿನೆಂಟನ್ನೂ ಎತ್ತಿ ಗೂಡಿಗೆ ಹಾಕಿ, ಇನ್ನು ಒಂದು ವಾರ ಹೊರಗೆ ಬಿಡುವುದಿಲ್ಲ ಎಂದು ಚಿಲಕ ಹಾಕಿದೆ. ಒಂಬತ್ತು ಗಂಟೆಗೆ ಏನೋ ಸದ್ದು. ಹೋಗಿ ನೋಡಿದರೆ ಎಲ್ಲವೂ ಮುಂದಿನ ಜಾಲರಿಗೆ ಮೈ ಒತ್ತಿಕೊಂಡು, ರೆಕ್ಕೆ ಮೈಯಿಂದ ದೂರ ಹಿಡಿದು, ಬಾಯಿ ತೆರೆದು ತೇಕುತ್ತಿದ್ದವು. ಬೆಕ್ಕು ಇರಲಿಲ್ಲ. ಜಾಲರಿಗೆ ಮುಖವಿಟ್ಟಾಗ ಒಳಗಿನಿಂದ ಗಾಳಿ ಒಲೆಯ ಬಾಯಿಂದ ಬಂದ ಹಾಗೆ ಬಂತು.

ಬಿಸಿ

ಮರಿಗಳ ಬಲ್ಬಿಗೆ ತಂದಿದ್ದ ಥರ್ಮಾಮೀಟರು ಕಪಾಟಿನಲ್ಲಿತ್ತು. ಮೂರು ಸಂಜೆ ಅದನ್ನು ಗೂಡಿನ ಒಳಗೂ ಬೇವಿನ ಟೊಂಗೆಗೂ ನೇತುಹಾಕಿ ಓದಿದೆ. ಸಂಜೆ ಆರೂವರೆಗೆ ಗಿಡದ ಮೇಲೆ 33, ಗೂಡಿನೊಳಗೆ 39. ರಾತ್ರಿ ಒಂಬತ್ತಕ್ಕೆ ಗಿಡದ ಮೇಲೆ 29, ಒಳಗೆ ಇನ್ನೂ 36.

ಫರಸಿ ಕಲ್ಲಿನ ಗುಣವೇ ಅದು. ದಿನವಿಡೀ ಬಿಸಿಲು ಕುಡಿದು ಕತ್ತಲಾದ ಮೇಲೆ ನಿಧಾನಕ್ಕೆ ಬಿಡುತ್ತದೆ. ಬೇಸಿಗೆಯಲ್ಲಿ ನಾವೂ ಮಾಳಿಗೆ ಕೆಳಗೆ ಮಲಗದೆ ಅಂಗಳಕ್ಕೆ ಹಾಸಿಗೆ ತರುತ್ತೇವೆ. ಹಾಗಿದ್ದೂ ಕೋಳಿಗಳಿಗೆ ಬಂಡೆಯ ಒಲೆ ಕಟ್ಟಿ, ಅವು ಒಳಗೆ ಹೋಗುತ್ತಿಲ್ಲ ಎಂದು ಬೈಯುತ್ತಿದ್ದೆ. ಕೋಳಿಗೆ ಬೆವರುವುದು ಗೊತ್ತಿಲ್ಲ. ತೇಕಿ, ರೆಕ್ಕೆ ಅಗಲಿಸಿಯೇ ಮೈ ಆರಿಸಿಕೊಳ್ಳಬೇಕು, ಅದಕ್ಕೆ ಗಾಳಿ ಆಡಬೇಕು.

ಮಾಡಿದ ಕೆಲಸ ಇಷ್ಟು. ಮೊದಲು ಮೇಲಿನ ಬಂಡೆಗಳನ್ನು ನಾಲ್ಕು ಜನ ಸೇರಿ ಇಳಿಸಿದೆವು. ಹಿಂದಿನ ಮತ್ತು ಪಕ್ಕದ ಗೋಡೆಗಳ ತಲೆಯ ಮೇಲೆ ಇಟ್ಟಿಗೆ ತುಂಡು ಇಟ್ಟು, ಅದರ ಮೇಲೆ ಮತ್ತೆ ಬಂಡೆ ಹೊದಿಸಿದೆವು. ಗೋಡೆಗೂ ಮಾಳಿಗೆಗೂ ನಡುವೆ ಸುತ್ತ 6 ಇಂಚು ಕಂಡಿ ಬಿತ್ತು, ಅದಕ್ಕೂ ವೆಲ್ಡ್ ಜಾಲರಿ. ಬಿಸಿ ಗಾಳಿ ಮೇಲಿನಿಂದ ಹೊರಗೆ, ಮುಂದಿನ ಜಾಲರಿಯಿಂದ ತಂಪು ಒಳಗೆ. ಕಂಡಿ ಕೋಳಿ ಕೂರುವ ಮಟ್ಟಕ್ಕಿಂತ ಮೇಲೆಯೇ ಇರಬೇಕು, ಇಲ್ಲದಿದ್ದರೆ ಚಳಿಗಾಲದಲ್ಲಿ ನೇರ ಗಾಳಿ ಮೈಗೆ ಹೊಡೆಯುತ್ತದೆ.

ಎರಡನೆಯದಾಗಿ, ಬಂಡೆಗೆ ಬಿಸಿಲೇ ತಾಗದ ಹಾಗೆ ಮಾಡಿದೆ. ಮಾಳಿಗೆಯ ಮೇಲೆ ತೊಗರಿ ಕಟಗಿ ಅಡ್ಡಡ್ಡ ಹಾಸಿ, ಅದರ ಮೇಲೆ ಜೋಳದ ಕಣಕಿ, ಅಂದರೆ ಒಣ ದಂಟು, ಒಂದು ಮೊಳ ದಪ್ಪ ಹೊದಿಸಿ ಹಗ್ಗ ಕಟ್ಟಿದೆ. ಕಟಗಿ ಏಕೆಂದರೆ ಕಣಕಿಗೂ ಬಂಡೆಗೂ ನಡುವೆ ಗಾಳಿ ಹೋಗಲು ಸಂದು ಬೇಕು. ಗೋಡೆಗಳ ಹೊರಮೈಗೆ ಎರಡು ಸಲ ಸುಣ್ಣ ಬಳಿದೆ. ನಾಲ್ಕು ಗಂಟೆಗೆ ದಕ್ಷಿಣದ ಗೋಡೆಗೆ ಒದ್ದೆ ಗೋಣಿ ತಟ್ಟು ಇಳಿಬಿಡುವುದನ್ನೂ ಮಾಡಿ ನೋಡಿದೆ. ನಮ್ಮ ಕಡೆಯ ಒಣ ಗಾಳಿಗೆ ಅದು ಒಳ್ಳೆಯ ಉಪಾಯ, ಆದರೆ ನೀರು ಒಳಗೆ ಇಳಿದು ಹೊಟ್ಟು ನೆನೆದರೆ ಹಿಕ್ಕೆಯ ಘಾಟು ಏಳುತ್ತದೆ, ಆ ಘಾಟಿಗೆ ಕೋಳಿ ಕಣ್ಣು ಬಿಡುವುದಿಲ್ಲ. ಎರಡೇ ದಿನ ಮಾಡಿ ಬಿಟ್ಟೆ.

ಮತ್ತೆ ಥರ್ಮಾಮೀಟರು ಇಟ್ಟೆ. ಗಿಡದ ಮೇಲೆ 34, ಒಳಗೆ 35.

ಬೆಳಕು

ಬಿಸಿ ಇಳಿಯಿತು, ಆದರೂ ಒಳಗೆ ಹೋಗಲು ಅನುಮಾನಿಸುತ್ತಿದ್ದವು. ಬಾಗಿಲ ತನಕ ಬಂದು, ಕತ್ತು ಚಾಚಿ ಒಳಗೆ ನೋಡಿ, ಹಿಂದೆ ಸರಿಯುತ್ತಿದ್ದವು. ಒಂದು ಸಂಜೆ ಸರಿಯಾಗಿ ಆರೂವರೆಗೆ ನಾನೇ ಕುಕ್ಕರುಗಾಲಿನಲ್ಲಿ ಕೂತು ಗೂಡಿನೊಳಗೆ ತಲೆ ಹಾಕಿದೆ. ಅತ್ತಿ ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ಒಳಗೆ ಏನೂ ಕಾಣಲಿಲ್ಲ. ಅಂಗಳದಲ್ಲಿ ಇನ್ನೂ ಬೆಳಕಿತ್ತು, ಪೂರ್ವದ ಬಾಗಿಲಿನ ಗೂಡಿನಲ್ಲಿ ಮಾತ್ರ ಆಗಲೇ ನಡುರಾತ್ರಿ. ತಲೆ ಹೊರಗೆ ತೆಗೆದು ತಿರುಗಿದರೆ ಬೇವಿನ ಗಿಡ ಝಗ್ ಎಂದು ಹೊಳೆಯುತ್ತಿತ್ತು. ಓಣಿಯ ಕಂಬಕ್ಕೆ ಹೊಸದಾಗಿ ಹಾಕಿದ ಎಲ್ಇಡಿ ದೀಪ ನೇರ ಆ ಟೊಂಗೆಗೇ ಬಡಿಯುತ್ತದೆ.

ಹಗಲಿನಲ್ಲಿ ಕೋಳಿಯ ಕಣ್ಣು ನಮ್ಮದಕ್ಕಿಂತ ಚುರುಕು, ನಮಗೆ ಕಾಣದ ಬಣ್ಣವೂ ಅದಕ್ಕೆ ಕಾಣುತ್ತದೆ. ಬೆಳಕು ಇಳಿದ ಹಾಗೆ ಆ ಕಣ್ಣು ಸೋಲುತ್ತದೆ. ಅದಕ್ಕೇ ಪೂರ್ತಿ ಕತ್ತಲಾಗುವ ಮೊದಲು ಎತ್ತರದ, ಕಣ್ಣಿಗೆ ಕಾಣುವ ಒಂದು ಜಾಗ ಹಿಡಿದು ಕೂರುವ ಆತುರ. ಕಾಣದ ಗುಹೆಯೊಳಗೆ ಹೋಗು ಎಂದರೆ ಹೇಗೆ ಹೋದೀತು?

ಪಶ್ಚಿಮದ ಗೋಡೆಯ ಒಂದು ಬಂಡೆ ತೆಗೆದು, ಕೆಳಗೆ ಮೂರಡಿ ಗೋಡೆ ಉಳಿಸಿ, ಮೇಲೆ ಜಾಲರಿಯ ಕಿಟಕಿ ಮಾಡಿಸಿದೆ. ಮುಳುಗುವ ಹೊತ್ತಿನ ಬೆಳಕು ಈಗ ನೇರ ಒಳಗೆ ಬೀಳುತ್ತದೆ. ಆದರೆ ಪಶ್ಚಿಮ ತೆರೆದರೆ ಮೂರು ಗಂಟೆಯ ಬಿಸಿಲೂ ಬರುತ್ತದಲ್ಲ! ಕಣಕಿಯ ಒಂದು ತಡಿಕೆ ಹೆಣೆದು ಕಿಟಕಿಗೆ ಒರಗಿಸಿದೆ. ಐದೂವರೆಗೆ ಅದನ್ನು ಎತ್ತಿಡುವುದು ಮಗನ ಕೆಲಸ. ಆಟಕ್ಕೆ ಹೋಗಿ ಮರೆತ ದಿನ ಕೋಳಿಗಳೇ ನೆನಪಿಸುತ್ತವೆ, ಗೂಡಿನ ಮುಂದೆ ನಿಂತು ಗಲಾಟೆ ಮಾಡುತ್ತವೆ.

ಒಳಗೊಂದು ದೀಪವೂ ಬೇಕೆನಿಸಿತು. ಮನೆಯಲ್ಲಿದ್ದ 9 ವ್ಯಾಟಿನ ಬಿಳಿ ಎಲ್ಇಡಿ ಹಾಕಿದೆ. ಎಲ್ಲವೂ ಒಳಗೆ ಬಂದವು! ಏಳು ಗಂಟೆಗೆ ಸ್ವಿಚ್ಚು ಆರಿಸಿದೆ. ಒಳಗೆ ದಬದಬ ಸದ್ದು. ದೀಪದ ಬೆಳಕಿಗೆ ಅದಿನ್ನೂ ಹಗಲು ಎಂದುಕೊಂಡು ಅರ್ಧದಷ್ಟು ನೆಲದಲ್ಲೇ ಕೆದರುತ್ತಿದ್ದವು. ಕತ್ತಲು ಒಮ್ಮೆಲೇ ಬಿದ್ದಾಗ ಕಣ್ಣು ಕಾಣದೆ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದವು. ಹೀಗೆ ಗುಡ್ಡೆ ಬಿದ್ದಾಗ ಕೆಳಗಿನವು ಉಸಿರುಗಟ್ಟಿ ಸಾಯುವುದುಂಟು. ಓಡಿಹೋಗಿ ಒಂದೊಂದನ್ನೇ ಬಿಡಿಸಿ ಮೇಲೆ ಕೂರಿಸಿದೆ.

ಈಗ ದೇವರ ಮನೆಯಲ್ಲಿ ಹಾಕುವ ಥರದ ಹಳದಿ ಜೀರೋ ಬಲ್ಬು ಇದೆ. ಕೂರುವ ಕೋಲಿನ ಮೇಲೆಯೇ ಬೆಳಕು ಬೀಳುವಂತೆ, ಅದರ ನೇರಕ್ಕೆ ಒಂದಡಿ ಮೇಲೆ ಕಟ್ಟಿದ್ದೇನೆ. ಆರು ಗಂಟೆಗೆ ಹಾಕಿ, ಎಲ್ಲವೂ ಕೋಲು ಹತ್ತಿ ಕೂತು ಕತ್ತು ಕುಗ್ಗಿಸಿದ ಮೇಲೆಯೇ ಆರಿಸುವುದು. ಕರೆಂಟು ಹೋದ ಸಂಜೆ ಪಶ್ಚಿಮದ ಕಿಟಕಿಯೊಂದೇ ಸಾಕಾಗುತ್ತದೆ ಎಂದು ಆಮೇಲೆ ಗೊತ್ತಾಯಿತು.

ಕೋಲು

ಮೊದಲು ಎರಡು ಬಿದಿರು ಮೆಟ್ಟಿಲಿನ ಹಾಗೆ ಹಾಕಿದ್ದೆ, ಒಂದು ಒಂದೂವರೆ ಅಡಿ, ಇನ್ನೊಂದು ಮೂರೂವರೆ ಅಡಿ ಎತ್ತರಕ್ಕೆ. ಎಲ್ಲಕ್ಕೂ ಮೇಲಿನದೇ ಬೇಕು. ಪ್ರತಿ ಸಂಜೆ ತಳ್ಳಾಟ, ಬಿದ್ದವು ಹೊರಗೆ ಓಡಿಹೋಗುತ್ತಿದ್ದವು. ಎರಡನ್ನೂ ಎರಡೂವರೆ ಅಡಿಗೆ ಸಮ ಮಾಡಿದ ದಿನ ಜಗಳ ಅರ್ಧಕ್ಕಿಳಿಯಿತು. ಒಂದು ಕೋಳಿಗೆ 8 ಇಂಚು ಹಿಡಿದರೆ 18ಕ್ಕೆ 12 ಅಡಿ, 6 ಅಡಿಯ ಎರಡು ಕೋಲು ಸರಿಹೋಯಿತು. ಗೋಡೆಯಿಂದ ಒಂದಡಿ ಬಿಡಬೇಕು, ಇಲ್ಲದಿದ್ದರೆ ಬಾಲ ತಾಗಿ ಮುಂದಕ್ಕೆ ಜಾರುತ್ತವೆ. ಹತ್ತಲು ಹಳೆಯ ಹಲಗೆಗೆ ಅಡ್ಡಪಟ್ಟಿ ಹೊಡೆದು ಓರೆಯಾಗಿ ಇಟ್ಟೆ. ಕೋಳಿ ಮಲಗುವಾಗ ಎದೆ ಮೂಳೆಯನ್ನು ಕೋಲಿನ ಮೇಲೆ ಊರಿ, ಪುಕ್ಕದಿಂದ ಬೆರಳು ಮುಚ್ಚಿಕೊಂಡು ಕೂರುತ್ತದೆ. ಅದಕ್ಕೇ ಕೋಲು ಸುಮಾರು 2 ಇಂಚು ಅಗಲ, ಅಂಚು ನುಣ್ಣಗೆ ಇರಬೇಕು. ಸಣ್ಣ ಕೋಲಿನ ಮೇಲೆ ಬೆಳೆವ ಮರಿಯ ಎದೆ ಮೂಳೆ ಡೊಂಕಾಗುತ್ತದೆ.

ಕೂಡಿಹಾಕಿ ಬಿಟ್ಟದ್ದು

ಗೂಡು ಮಲಗುವ ಹಾಗಾದ ಮೇಲೆ ಕೂಡಿಹಾಕುವ ಕೆಲಸಕ್ಕೆ ಮತ್ತೆ ಕೈಹಾಕಿದೆ. ಮಾರ್ಚ್ ಕೊನೆಯ ಬಿಸಿಲಿನಲ್ಲಿ ಹಗಲೆಲ್ಲ ಒಳಗೇ ಇಡಲು ಆಗದು. ಬಾಗಿಲಿಗೆ ಹೊಂದಿಸಿ 10 ಅಡಿಗೆ 8 ಅಡಿ ಜಾಗಕ್ಕೆ ಗೂಟ ಹೊಡೆದು, ಸುತ್ತ ಜಾಲರಿ, ಮೇಲೆ ಹಳೆಯ ಸೀರೆಯ ನೆರಳು ಮಾಡಿದೆ. ಗೂಡು ಮತ್ತು ಆ ಬಯಲು ಬಿಟ್ಟು ಬೇರೆಲ್ಲೂ ಹೋಗದಂತೆ ಏಳು ದಿನ ಇಟ್ಟೆ. ಮೊದಲ ಮೂರು ರಾತ್ರಿ ಕತ್ತಲಾದ ಮೇಲೆ ಬಯಲಿನಲ್ಲಿ ಕೂತವನ್ನು ಎತ್ತಿ ಕೋಲಿನ ಮೇಲೆ ಕೂರಿಸಿದೆ. ನೆಲಕ್ಕೆ ಬಿಡಬಾರದು, ಕಾಲಿಗೆ ಕೋಲು ತಾಗಿಸಿ ಬೆರಳು ಹಿಡಿಯುವ ತನಕ ಕೈ ಕೊಡಬೇಕು. ಆರನೆಯ ದಿನ ನಾನು ಹೋಗುವಷ್ಟರಲ್ಲಿ ಹದಿನೆಂಟೂ ಮೇಲಿದ್ದವು.

ಎಂಟನೆಯ ದಿನ ಬಿಡುವಾಗ ಬೆಳಿಗ್ಗೆ ಬಿಡಲಿಲ್ಲ. ಮಧ್ಯಾಹ್ನ ಕಾಳು ಕಡಿಮೆ ಹಾಕಿ, ಸಂಜೆ ಐದೂವರೆಗೆ ಬಾಗಿಲು ತೆಗೆದೆ. ಒಂದು ಗಂಟೆಯಲ್ಲಿ ದೂರ ಹೋಗಲಾರವು, ಹಸಿವೂ ಇರುತ್ತದೆ. ಆರೂಕಾಲಿಗೆ ತಗಡಿನ ತಟ್ಟೆ ಬಡಿದು ಗೂಡಿನೊಳಗೆ ಜೋಳದ ನುಚ್ಚು ಚೆಲ್ಲಿದೆ. ಒಂದು ದಿನದ ಮರಿ ಇದ್ದಾಗಿನಿಂದ ಅದೇ ತಟ್ಟೆ ಬಡಿದೇ ಕಾಳು ಹಾಕಿದ್ದು, ನಾನು ಮಾಡಿದ ಒಂದೇ ಮುಂದಾಲೋಚನೆ ಅದು. ಓಡಿಬಂದವು. ಹದಿನಾಲ್ಕು ಒಳಗೆ, ನಾಲ್ಕು ಬೇವಿನ ಗಿಡಕ್ಕೆ.

ಆಮೇಲೆ ದಿನಕ್ಕೆ ಅರ್ಧ ಗಂಟೆ ಮುಂಚೆ ಬಿಡುತ್ತ ಹೋದೆ. ನಾಲ್ಕು ಮೊಂಡುಗಳಲ್ಲಿ ಮೂರು, ಟಾಕಿಯ ಪಕ್ಕದ ಕೆಳಟೊಂಗೆ ಕಡಿಸಿದ ಮೇಲೆ ದಾರಿ ಸಿಗದೆ ಗೂಡಿಗೆ ಬಂದವು. ನಾಲ್ಕನೆಯವಳು ಗಂಗಿ, ಹೆಸರಿಟ್ಟದ್ದು ಮಗ. ಒಂಬತ್ತು ರಾತ್ರಿ ನಿಚ್ಚಣಿಕೆ ಹಾಕಿ ಇಳಿಸಿದೆ. ಕತ್ತಲಲ್ಲಿ ಕೋಳಿ ಕೈಗೆ ಸಲೀಸಾಗಿ ಬರುತ್ತದೆ, ಎರಡೂ ರೆಕ್ಕೆ ಮೈಗೆ ಒತ್ತಿ ಹಿಡಿದರೆ ಸದ್ದೂ ಮಾಡುವುದಿಲ್ಲ. ಒಂದು ಕಡೆಯ ರೆಕ್ಕೆಯ ಗರಿ ಕತ್ತರಿಸು, ಹಾರುವುದು ತಪ್ಪುತ್ತದೆ ಎಂದು ಹಲವರು ಹೇಳಿದರು. ಹಗಲು ನಾಯಿ ಬಂದರೆ ಅದೇ ರೆಕ್ಕೆ ಜೀವ ಉಳಿಸಬೇಕು. ಕತ್ತರಿಸಲಿಲ್ಲ.

ಮತ್ತೆ ಹೊರಗೆ

ಏಪ್ರಿಲ್ ನಡುವಿನ ಹೊತ್ತಿಗೆ ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಒಂದು ಸಂಜೆ ತಟ್ಟೆ ಬಡಿದರೆ ಹನ್ನೊಂದು ಕೋಳಿ ಒಳಗೆ ಬಂದು, ನುಚ್ಚು ತಿಂದು, ಮತ್ತೆ ಹೊರಗೆ ನಡೆದವು. ಬಿಸಿ ನೋಡಿದೆ, ಸರಿ ಇತ್ತು. ಬಲ್ಬು ಉರಿಯುತ್ತಿತ್ತು. ಹಾವು ಬಂದಿದೆಯೇನೋ ಎಂದು ಹೊಟ್ಟೆಲ್ಲ ತೆಗೆದು ನೋಡಿದೆ. ಇಲ್ಲ.

ತಾಲೂಕಿನ ಪಶು ಆಸ್ಪತ್ರೆಯ ಡಾಕ್ಟರು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು, "ರಾತ್ರಿ ಕೋಲಿನ ಅಡಿ ನೋಡೀರೇನ್ರಿ?" ಒಂಬತ್ತು ಗಂಟೆಗೆ ಬಿಳಿ ಬಟ್ಟೆಯಿಂದ ಬಿದಿರಿನ ಅಡಿ ಒರೆಸಿದೆ. ಬಟ್ಟೆ ತುಂಬ ಕೆಂಪು ಗೆರೆ. ಟಾರ್ಚು ಹಾಕಿದರೆ ಬಿದಿರು ಸೀಳಿದ ಸಂದಿನಲ್ಲಿ, ತುದಿಯ ತೂತಿನಲ್ಲಿ ಸಾಸಿವೆಗಿಂತ ಸಣ್ಣ ಹುಳಗಳು ಗಿಜಿಗುಡುತ್ತಿದ್ದವು. ಕೆಂಪು ನುಸಿ. ಊರಲ್ಲಿ ಇದಕ್ಕೂ ಕೋಳಿ ಹೇನು ಅಂತಲೇ ಹೆಸರು, ಆದರೆ ಹೇನು ಮೈಮೇಲೆಯೇ ಇರುತ್ತದೆ. ಈ ನುಸಿ ಹಗಲು ಸಂದಿನಲ್ಲಿ ಅಡಗಿ ರಾತ್ರಿ ಬಂದು ರಕ್ತ ಹೀರಿ ಹಿಂದಿರುಗುತ್ತದೆ. ಹಗಲಲ್ಲಿ ಕೋಳಿ ಮೈ ಎಷ್ಟು ಹುಡುಕಿದರೂ ಸಿಗದ್ದಕ್ಕೆ ಕಾರಣ ಅದು. ತಿಗಣೆ ಇದ್ದ ಹೊರಸಿನ ಮೇಲೆ ನಾವು ಮಲಗುತ್ತೇವೆಯೇ?

ಬಿದಿರು ಸುಟ್ಟುಹಾಕಿದೆ. ಜಾಲಿ ಕಟಗಿಯ ತೊಗಟೆ ತೆಗೆಸಿ, ಬಿರುಕಿಲ್ಲದಂತೆ ಕೀಸಿಸಿ ಎರಡು ಹೊಸ ಕೋಲು ಮಾಡಿಸಿದೆ. ಗೋಡೆಗೆ ಮೊಳೆ ಹೊಡೆಯದೆ, ಚಾಚಾ ಮಾಡಿಕೊಟ್ಟ ಕಬ್ಬಿಣದ ತೊಟ್ಟಿಲಿನಲ್ಲಿ ಇಟ್ಟರೆ ಎತ್ತಿ ತೆಗೆಯಬಹುದು. ಗೂಡಿನ ಮೂಲೆ ಸಂದಿಗೆಲ್ಲ ಕುದಿವ ನೀರು ಹೊಯ್ದು, ಒಣಗಿದ ಮೇಲೆ ಸುಣ್ಣ ಬಳಿದೆ. ಒಂದು ಸಲ ಸಾಲದು, ಮೊಟ್ಟೆ ಒಡೆದು ಹೊಸವು ಬರುತ್ತವೆ. ವಾರಕ್ಕೊಮ್ಮೆ ನಾಲ್ಕು ಸಲ ಮಾಡಿದೆ.

ಕೋಲುಗಳಿಗೆ ಮಾತ್ರ ನೀರು ಕಾಯಿಸುವ ಕೆಲಸವೇ ಬೇಡ. ಪ್ರತಿ ಭಾನುವಾರ ಹನ್ನೊಂದಕ್ಕೆ ತೆಗೆದು ಬಟ್ಟೆ ಒಗೆಯುವ ಫರಸಿ ಬಂಡೆಯ ಮೇಲೆ ಹೊರಳಿಸಿ ನಾಲ್ಕರ ತನಕ ಬಿಡುತ್ತೇನೆ. ಬರಿಗಾಲು ಇಡಲಾಗದ ಆ ಬಂಡೆಯ ಬಿಸಿಗೆ ನುಸಿ ಉಳಿಯುವುದಿಲ್ಲ. ಕೋಳಿಗಳನ್ನು ಹೊರಗೆ ಓಡಿಸಿದ್ದ ಬಿಸಿ ಈಗ ಈ ಕೆಲಸ ಮಾಡಿಕೊಡುತ್ತಿದೆ. ಮೂರನೆಯ ವಾರ ಬಿಳಿ ಬಟ್ಟೆ ಬಿಳಿಯಾಗಿಯೇ ಬಂತು. ಅದಕ್ಕೂ ಎರಡು ದಿನ ಮೊದಲೇ ಕೋಳಿಗಳು ಒಳಗೆ ಮಲಗತೊಡಗಿದ್ದವು.

ಬಾಗಿಲನ್ನು ಚಾಚಾ ಬದಲಿಸಿದ್ದಾರೆ. "ಬೇಟಿ, ಕೀಲಿನ ಬಾಗಿಲಾ ಬ್ಯಾಡ, ಮ್ಯಾಲಕ್ ಎಳಿಯೋದ್ ಮಾಡ್ತೀನಿ, ಅಡಗಿ ಮನ್ಯಾಗ ನಿಂತೇ ಹಗ್ಗಾ ಬಿಡಬೌದು" ಅಂದರು. ಸಣ್ಣ ಗಾಲಿಯ ಮೇಲೆ ಹಗ್ಗ ಹಾಯಿಸಿ ಅಡುಗೆಮನೆಯ ಕಿಟಕಿಗೆ ಕಟ್ಟಿದೆ. ಎಣಿಸುವುದಕ್ಕೆ ಹೇಗೂ ಗೂಡಿನ ತನಕ ಹೋಗಲೇಬೇಕು. ಗಂಗಿ ಈಗಲೂ ಎಲ್ಲವೂ ಕೂತ ಮೇಲೆ, ಬೇವಿನ ಗಿಡದ ಕೆಳಗೆ ಒಮ್ಮೆ ನಿಂತು ಮೇಲೆ ನೋಡಿ, ಆಮೇಲೆ ಬರುತ್ತಾಳೆ.

ಉಳಿದಿರುವುದು ಮಾಳಿಗೆಯ ಕಣಕಿ. ಮಿರಗದ ಮಳೆಗೆ ಅದು ನೆನೆದು ಕೊಳೆಯುತ್ತದೆ, ಹೆಗ್ಗಣವೂ ಸೇರುತ್ತದೆ. ಅಷ್ಟರೊಳಗೆ ತೆಗೆದು ದನಕ್ಕೆ ಹಾಕಿ, ಮೇಲೆ ತಗಡು ಹೊದಿಸಬೇಕು, ಪಶ್ಚಿಮದ ಕಿಟಕಿಗೆ ಎರಚಲು ತಡೆಯಲು ಒಂದೂವರೆ ಅಡಿ ಮುಂಚಾಚು ಬಿಟ್ಟು. ಚಾಚಾಗೆ ಅಳತೆ ಕೊಟ್ಟು ಬಂದಿದ್ದೇನೆ.